ಗಾಳದ ಕೋಲಿಗೆ ಎಪಾಕ್ಸಿ: ಅಳತೆ ತಪ್ಪಿದರೆ ಅಂಟು ಅಂಟೇ

ಸಂಪಾದಕರಿಗೆ,

ಮಾನ್ಯರೇ,

ಕೋಲಾರ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನಿಂದ ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ನೀರು ಹರಿಯತೊಡಗಿದ್ದು 2018ರಲ್ಲಿ. ಆ ನೀರು ಮೊದಲು ಸೇರಿದ್ದು ನರಸಾಪುರ ಬಳಿಯ ಲಕ್ಷ್ಮೀಸಾಗರ ಕೆರೆಗೆ. ನೀರು ನಿಂತ ಕಡೆ ಮೀನು, ಮೀನಿರುವ ಕಡೆ ಗಾಳ. ಏರಿಯ ಮೇಲೆ ಈಗ ಬಿದಿರು ಕಡ್ಡಿಯ ಜೊತೆಗೆ ಫೈಬರ್ ಗ್ಲಾಸಿನ, ಕಾರ್ಬನ್ನಿನ, ರೀಲು ಕೂಡಿಸಿದ ಕೋಲುಗಳೂ ಕಾಣುತ್ತವೆ. ಇಂಥ ಕೋಲಿನಲ್ಲಿ ಮೊದಲು ಕೈಕೊಡುವುದು ಕೋಲಲ್ಲ, ಗಾಳದ ನೂಲು ಹಾಯಲೆಂದು ಅದರ ಮೇಲೆ ಕಟ್ಟಿದ ರಿಂಗು. ರಿಂಗಿನ ಪಾದವನ್ನು, ಅಂದರೆ ಕೋಲಿಗೆ ಒರಗುವ ಅದರ ಲೋಹದ ಪಟ್ಟಿಯನ್ನು, ಹಿಡಿದಿಡುವುದು ದಾರದ ಸುತ್ತು. ಆ ದಾರವನ್ನು ನೀರಿನಿಂದ, ತಿಕ್ಕಾಟದಿಂದ ಕಾಯುವುದು ಮೇಲಿನ ಎಪಾಕ್ಸಿ ಲೇಪ. ಎಪಾಕ್ಸಿ ಎಂದರೆ ರೆಸಿನ್, ಹಾರ್ಡನರ್ ಎಂಬ ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು. ಲೇಪ ಬಿರುಕು ಬಿಟ್ಟರೆ ದಾರದೊಳಕ್ಕೆ ನೀರು ಇಳಿಯುತ್ತದೆ, ಪಾದ ತುಕ್ಕು ಹಿಡಿಯುತ್ತದೆ. ಆಮೇಲೆ ತೂಕದ ಕಾಟ್ಲಾ ಒಂದು ಎಳೆದರೆ ರಿಂಗು ಜಾರಿ ನಿಲ್ಲುತ್ತದೆ.

ರಿಪೇರಿಗೆಂದು ಆ ಜಾಗಕ್ಕೆ ಸೂಪರ್ ಗ್ಲೂ ಹನಿಸುವುದು, ಇಲ್ಲವೇ ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟನ್ನು ಮೆತ್ತುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಎರಡೂ ಈ ಕೆಲಸಕ್ಕೆ ಹೊಂದುವುದಿಲ್ಲ. ಸೂಪರ್ ಗ್ಲೂ ಗಾಜಿನಂತೆ ಪೆಡಸು. ಕೋಲು ಬಾಗುತ್ತದೆ, ಅದು ಬಾಗುವುದಿಲ್ಲ, ಸೀಳುತ್ತದೆ. ಐದು ನಿಮಿಷದ ಎಪಾಕ್ಸಿ ಹರಡಿ ಸಮವಾಗುವ ಮೊದಲೇ ಕಟ್ಟಿಕೊಳ್ಳುತ್ತದೆ, ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ದಾರದ ಸುತ್ತಿಗೆ ಬೇಕಾದದ್ದು ತೆಳುವಾಗಿ ಹರಿಯುವ, ನಿಧಾನವಾಗಿ ಗಟ್ಟಿಯಾಗುವ, ಗಟ್ಟಿಯಾದ ಮೇಲೂ ಸ್ವಲ್ಪ ಬಾಗುವ ಎಪಾಕ್ಸಿ. ರಾಡ್ ಫಿನಿಶ್ ಎಂಬ ಹೆಸರಿನಲ್ಲೇ ಇದು ಸಿಗುತ್ತದೆ. ಸಿಕ್ಕಿದವರೂ ಅದನ್ನು ಬಣ್ಣದಂತೆ, ವಾರ್ನಿಶ್‌ನಂತೆ ಬಳಸಿ ಕೆಡಿಸುತ್ತಾರೆ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ.

ವಾರ್ನಿಶ್‌ನಲ್ಲಿ ದ್ರಾವಕ ಆರಿ ಹೋಗುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ. ಎಪಾಕ್ಸಿಯಲ್ಲಿ ಆರಿ ಹೋಗುವುದು ಏನೂ ಇಲ್ಲ. ರೆಸಿನ್‌ನ ಕಣ ಹಾರ್ಡನರ್‌ನ ಕಣದ ಜೊತೆ ಕೂಡಿಕೊಂಡು ಬಲೆ ಹೆಣೆದಂತೆ ಗಟ್ಟಿಯಾಗುತ್ತದೆ. ಇಂತಿಷ್ಟಕ್ಕೆ ಇಂತಿಷ್ಟು ಎಂಬ ಲೆಕ್ಕ ತಪ್ಪಿದರೆ ಜೊತೆ ಸಿಗದೆ ಉಳಿದದ್ದು ಹಾಗೇ ಉಳಿಯುತ್ತದೆ, ಲೇಪ ವರ್ಷವಾದರೂ ಅಂಟುತ್ತಲೇ ಇರುತ್ತದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿಯುವ ಅಭ್ಯಾಸ ಬಂದಿರುವುದು ಫೈಬರ್ ಗ್ಲಾಸ್ ಕೆಲಸದಿಂದ. ಬಂಪರ್, ನೀರಿನ ಟ್ಯಾಂಕ್ ರಿಪೇರಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್‌ಗೆ ಹಾಕುವುದು ಹನಿ ಲೆಕ್ಕದ ವೇಗವರ್ಧಕ. ಅಲ್ಲಿ ಎರಡು ಹನಿ ಹೆಚ್ಚಾದರೆ ಬೇಗ ಗಟ್ಟಿಯಾಗುವುದು ನಿಜ. ಎಪಾಕ್ಸಿಯ ಹಾರ್ಡನರ್ ಆ ಜಾತಿಯದಲ್ಲ, ಅದು ಲೇಪದ ಅರ್ಧ ಪಾಲು. ಅದನ್ನು ಹೆಚ್ಚಿಸಿದರೆ ಲೇಪ ಮೆತ್ತಗಾಗುತ್ತದೆ.

ರಾಡ್ ಫಿನಿಶ್ ಸಾಮಾನ್ಯವಾಗಿ ಗಾತ್ರದ ಲೆಕ್ಕದಲ್ಲಿ 1ಕ್ಕೆ 1. ಇಲ್ಲಿ ತೂಕದ ತಕ್ಕಡಿ ಬಳಸಬಾರದು. ರೆಸಿನ್ ತೂಕದ ದ್ರವ, ಹಾರ್ಡನರ್ ಅದಕ್ಕಿಂತ ಹಗುರ. ಸಮ ತೂಕ ಹಾಕಿದರೆ ಹಾರ್ಡನರ್ ಗಾತ್ರದಲ್ಲಿ ಹೆಚ್ಚಾಗುತ್ತದೆ. ಇನ್ನು ಗೋಡೆ ಗಡಿಯಾರ, ಟ್ರೇ ಮಾಡುವವರು ಬಳಸುವ ಆರ್ಟ್ ರೆಸಿನ್‌ಗಳಲ್ಲಿ 2ಕ್ಕೆ 1, 3ಕ್ಕೆ 1 ಅನುಪಾತದವೂ ಇವೆ, ಕೆಲವು ಗಾತ್ರದ ಲೆಕ್ಕ, ಕೆಲವು ತೂಕದ ಲೆಕ್ಕ. ದೊಡ್ಡ ಡಬ್ಬದಿಂದ ಚಿಕ್ಕ ಬಾಟಲಿಗೆ ಸುರಿದು ಮಾರುವ ಅಂಗಡಿಯವರಲ್ಲಿ ಒಂದು ಕಳಕಳಿಯ ಮನವಿ: ಯಾವ ಬಾಟಲಿ ರೆಸಿನ್, ಯಾವುದು ಹಾರ್ಡನರ್, ಅನುಪಾತ ಎಷ್ಟು, ಗಾತ್ರವೋ ತೂಕವೋ ಎಂಬ ನಾಲ್ಕು ಮಾತು ಕನ್ನಡದಲ್ಲಿ ಬರೆದು ಅಂಟಿಸಿ ಕೊಡಿ. ಹೆಸರಿಲ್ಲದ ಎರಡು ಬಾಟಲಿ ಕೈಗೆ ಕೊಟ್ಟು ಕಳಿಸಿದರೆ ಕೊಂಡವನು ಊಹೆಯ ಮೇಲೆ ಕಲಸುತ್ತಾನೆ, ಕೋಲು ಹಾಳಾಗುತ್ತದೆ.

ಅಳತೆಗೆ ಸಿರಿಂಜ್ ಬೇಕು, ಎರಡಕ್ಕೆ ಎರಡು. ಒಂದೇ ಸಿರಿಂಜನ್ನು ಎರಡೂ ಬಾಟಲಿಗೆ ಅದ್ದಬಾರದು, ಮುಚ್ಚಳಗಳನ್ನೂ ಅದಲುಬದಲು ಮಾಡಬಾರದು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಾಮಾನ್ಯ ಸಿರಿಂಜಿನ ಒಳಗೆ ಕಪ್ಪು ರಬ್ಬರ್ ಬಿರಡೆ ಇರುತ್ತದೆ, ಅದು ಜಾರಲೆಂದು ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ಆ ಎಣ್ಣೆಯ ಸೋಂಕು ಸಾಕು, ಲೇಪ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡು ಗುಳಿಗಳು ಬೀಳುತ್ತವೆ. ರಬ್ಬರ್ ಇಲ್ಲದ, ಪೂರ್ತಿ ಪ್ಲಾಸ್ಟಿಕ್ಕಿನ ಎರಡು ತುಂಡಿನ ಸಿರಿಂಜ್ ಕೇಳಿ ತೆಗೆದುಕೊಳ್ಳಿ. ಗುಳಿ ಬಿದ್ದಾಗ ಜನ ಬ್ರಷ್ಷನ್ನು, ಬಾಟಲಿಯನ್ನು ದೂರುತ್ತಾರೆ. ತಪ್ಪು ಎಷ್ಟೋ ಸಲ ಸಿರಿಂಜಿನಲ್ಲೋ, ಎಣ್ಣೆ ಹಚ್ಚಿದ ತಲೆ ಮುಟ್ಟಿ ದಾರ ಮುಟ್ಟಿದ ಕೈಯಲ್ಲೋ ಇರುತ್ತದೆ.

ಒಂದು ಕೋಲಿನ ಒಂದು ಲೇಪಕ್ಕೆ 3 ಮಿಲಿ ರೆಸಿನ್, 3 ಮಿಲಿ ಹಾರ್ಡನರ್ ಸಾಕು. ಅದರಲ್ಲಿ ಸಾಕಷ್ಟು ಭಾಗ ಉಳಿದು ದಂಡವಾಗುತ್ತದೆ, ಆಗಲಿ. ಉಳಿಸಲು ಹೋಗಿ 1 ಮಿಲಿ ಲೆಕ್ಕದಲ್ಲಿ ಕಲಸಿದರೆ ಸಿರಿಂಜಿನ ಗೆರೆಯಲ್ಲಿ 0.1 ಮಿಲಿ ತಪ್ಪಿದರೂ ನೂರಕ್ಕೆ ಹತ್ತರಷ್ಟು ಏರುಪೇರು. 3 ಮಿಲಿಯಲ್ಲಿ ಅದೇ ತಪ್ಪು ನೂರಕ್ಕೆ ಮೂರಕ್ಕೆ ಇಳಿಯುತ್ತದೆ. ಸಿರಿಂಜಿನೊಳಗೆ ಗಾಳಿಗುಳ್ಳೆ ಇದ್ದರೆ ಅದೂ ಅಳತೆಯೊಳಗೆ ಸೇರಿಬಿಡುತ್ತದೆ. ತುದಿ ಮೇಲೆ ಮಾಡಿ ಗುಳ್ಳೆ ಹೊರಹಾಕಿ ಆಮೇಲೆ ಗೆರೆ ನೋಡಬೇಕು.

ಕಲಸುವುದಕ್ಕೆ ತಳ ಚಪ್ಪಟೆಯಾದ ಪ್ಲಾಸ್ಟಿಕ್ ಬಟ್ಟಲು, ನುಣುಪಾದ ಸ್ಟೀಲ್ ಚಮಚದ ಹಿಡಿ. ಮೇಣ ಸವರಿದ ಕಾಗದದ ಲೋಟ ಬೇಡ, ಐಸ್‌ಕ್ರೀಮ್ ಕಡ್ಡಿಯೂ ಬೇಡ, ಒಣ ಕಟ್ಟಿಗೆ ಒಳಗಿನ ಗಾಳಿಯನ್ನು ಬಿಡುತ್ತದೆ. ಮೊಟ್ಟೆ ಕದಡಿದ ಹಾಗೆ ಹೊಡೆಯಬೇಡಿ. ಚಮಚವನ್ನು ತಳಕ್ಕೆ ತಾಗಿಸಿಕೊಂಡೇ, ಅಂಚು ಮೂಲೆಗಳನ್ನು ಸವರಿಕೊಂಡು ನಿಧಾನಕ್ಕೆ 3ರಿಂದ 4 ನಿಮಿಷ ತಿರುವಿ. ಮೊದಲಿಗೆ ಸಕ್ಕರೆ ಪಾಕ ನೀರಿಗೆ ಬೆರೆಯುವಾಗ ಕಾಣುವಂಥ ಎಳೆಗಳು ಒಳಗೆ ಓಡಾಡುತ್ತವೆ. ಆ ಎಳೆ ಒಂದೂ ಉಳಿಯದೆ ತಿಳಿಯಾದಾಗ ಕಲಸಿದ್ದು ಮುಗಿದಂತೆ. ಕೂಡಲೇ ಅದನ್ನು ಅಲ್ಯೂಮಿನಿಯಂ ಫಾಯಿಲ್ ಮೇಲೆ ತೆಳ್ಳಗೆ ಸುರಿಯಿರಿ. ಬಟ್ಟಲಿನ ಗೋಡೆಗೆ ಅಂಟಿದ್ದನ್ನು ಕೆರೆದು ಸೇರಿಸಬೇಡಿ, ಸರಿಯಾಗಿ ಬೆರೆಯದೆ ಉಳಿದಿರುವುದು ಅಲ್ಲೇ. ಫಾಯಿಲ್ ಮೇಲೆ ಹರಡಿದರೆ ಎರಡು ಲಾಭ. ಗುಳ್ಳೆಗಳಿಗೆ ಮೇಲೆ ಬರುವ ದಾರಿ ಹತ್ತಿರವಾಗುತ್ತದೆ. ಎರಡನೆಯದು, ಕೂಡಿಕೊಳ್ಳುವಾಗ ಹುಟ್ಟುವ ಬಿಸಿ ಹೊರಗೆ ಹೋಗುತ್ತದೆ. ಬಟ್ಟಲಿನಲ್ಲೇ ಗುಡ್ಡೆಯಾಗಿ ಬಿಟ್ಟರೆ ತನ್ನ ಬಿಸಿಗೆ ತಾನೇ ಬೇಗ ಕಟ್ಟಿಕೊಳ್ಳುತ್ತದೆ.

ನಮ್ಮ ಬಯಲುಸೀಮೆಯ ಹವೆಯ ಲೆಕ್ಕ ಇಲ್ಲಿ ಬರುತ್ತದೆ. ಎಪಾಕ್ಸಿಗೆ ಹಿತವಾದದ್ದು 24ರಿಂದ 27 ಡಿಗ್ರಿ. ಡಿಸೆಂಬರ್, ಜನವರಿಯಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ಆಗ ರೆಸಿನ್ ಬೆಲ್ಲದ ಪಾಕದಂತೆ ದಪ್ಪ, ಗುಳ್ಳೆ ಮೇಲೇಳದೆ ಒಳಗೇ ಉಳಿಯುತ್ತದೆ. ಕಲಸುವ ಮೊದಲು ಬಾಟಲಿಗಳ ಮುಚ್ಚಳ ಬಿಗಿಮಾಡಿ, ಕೈಗೆ ಹಿತವಾದ ಬಿಸಿನೀರಿನಲ್ಲಿ 10 ನಿಮಿಷ ನಿಲ್ಲಿಸಿ, ಹೊರಮೈ ಒರೆಸಿ ಆಮೇಲೆ ತೆರೆಯಿರಿ. ಒಂದು ತೊಟ್ಟು ನೀರೂ ಒಳಗೆ ಹೋಗಬಾರದು. ಚಳಿಗೆ ರೆಸಿನ್ ಬೆಳ್ಳಗೆ, ಹರಳುಗಟ್ಟಿದ ತುಪ್ಪದಂತಾಗಿದ್ದರೆ ಎಸೆಯಬೇಡಿ. ಇನ್ನಷ್ಟು ಬಿಸಿ ನೀರಿನಲ್ಲಿಟ್ಟು ಪೂರ್ತಿ ತಿಳಿಯಾದ ಮೇಲೆ ಬಳಸಬಹುದು. ಏಪ್ರಿಲ್‌ನಲ್ಲಿ ಸಮಸ್ಯೆ ತಿರುಗಮುರುಗ. ತುಮಕೂರಿನ ಶೀಟು ಮನೆಯಲ್ಲಿ ಮಧ್ಯಾಹ್ನ ಕಲಸಿದರೆ ಅರ್ಧ ಗಂಟೆಯ ಅವಕಾಶ ಕಾಲು ಗಂಟೆಗೆ ಇಳಿಯುತ್ತದೆ. ಸ್ಥೂಲವಾಗಿ 10 ಡಿಗ್ರಿ ಏರಿದರೆ ವೇಗ ಇಮ್ಮಡಿ ಎಂದು ಲೆಕ್ಕ ಹಿಡಿಯಿರಿ. ಬೇಸಿಗೆಯಲ್ಲಿ ಬೆಳಿಗ್ಗೆಯೇ ಕೆಲಸ ಮುಗಿಸುವುದು ಒಳ್ಳೆಯದು. ಮಳೆ ಹನಿಯುವ ಸಂಜೆ, ನಂದಿಬೆಟ್ಟದ ಕಡೆ ಮಂಜು ಕವಿದ ಮುಂಜಾನೆ ಎರಡನ್ನೂ ಬಿಟ್ಟುಬಿಡಿ. ಹಾರ್ಡನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಲೇಪದ ಮೇಲೆ ಜಿಡ್ಡಿನಂಥ ಮಬ್ಬು ಪೊರೆ ಕಟ್ಟುತ್ತದೆ. ಗಟ್ಟಿಯಾದ ಮೇಲೆ ಅಂಥ ಪೊರೆ ಕಂಡರೆ ಉಗುರುಬೆಚ್ಚಗಿನ ನೀರು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ ಸಾಕು. ಅದು ನೀರಿಗೆ ಕರಗುತ್ತದೆ. ತೊಳೆಯದೆ ಅದರ ಮೇಲೇ ಎರಡನೆಯ ಲೇಪ ಕೊಟ್ಟರೆ ಹಿಡಿಯುವುದಿಲ್ಲ.

ಲೇಪದ ಮಾತಿಗೆ ಮುಂಚೆ ದಾರದ ಮಾತು ಆಡಬೇಕಿತ್ತು. ಲೇಪ ನುಣುಪಾಗಬೇಕಾದರೆ ಅಡಿಯ ಸುತ್ತು ನುಣುಪಾಗಿರಬೇಕು. ರಿಂಗಿನ ಪಾದದ ತುದಿಯನ್ನು ಸಣ್ಣ ಅರದಿಂದ ಇಳಿಜಾರಾಗಿ ಉಜ್ಜಿ, ದಾರ ಮೆಟ್ಟಿಲು ಹತ್ತದೆ ಜಾರುಬಂಡಿ ಏರಿದ ಹಾಗೆ ಏರಬೇಕು. ಉಜ್ಜದೆ ಬಿಟ್ಟರೆ ಆ ಅಂಚಿನಲ್ಲಿ ದಾರ ಬಾಯಿಬಿಡುತ್ತದೆ, ಲೇಪ ಬಿರುಕುವುದೂ ಅಲ್ಲೇ. ಹೊಲಿಗೆ ಅಂಗಡಿಯ ಸಾಮಾನ್ಯ ದಾರ ನೂತ ದಾರ. ಅದರ ರೋಮ ಲೇಪದಲ್ಲಿ ಮುಳ್ಳಿನಂತೆ ಎದ್ದು ನಿಲ್ಲುತ್ತದೆ. ರಾಡ್ ಕಟ್ಟುವ ನೈಲಾನ್ ದಾರ ಸಿಗದಿದ್ದರೆ ಎಂಬ್ರಾಯ್ಡರಿ ಮೆಷಿನ್ನಿನ ಹೊಳೆಯುವ ಪಾಲಿಯೆಸ್ಟರ್ ದಾರ ತೆಗೆದುಕೊಳ್ಳಿ, ಅದರಲ್ಲಿ ಎಳೆ ಉದ್ದಕ್ಕೂ ಒಂದೇ, ರೋಮ ಇಲ್ಲ. ನೈಲಾನ್ ಬರುವ ಮುಂಚೆ ಗಾಳದ ಕೋಲುಗಳಿಗೆ ರೇಷ್ಮೆ ಸುತ್ತಿ ವಾರ್ನಿಶ್ ಹಚ್ಚುತ್ತಿದ್ದರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಪಕ್ಕದಲ್ಲೇ ಇಟ್ಟುಕೊಂಡ ನಾವು ಅದನ್ನು ಮರೆಯಬೇಕಾಗಿಲ್ಲ. ಅಂಟು ತೆಗೆದು ಹುರಿ ಮಾಡಿದ ರೇಷ್ಮೆ ದಾರ ಬಿದಿರು ಕೋಲಿಗೆ ಬಹಳ ಚೆಂದ. ಒಂದು ಎಚ್ಚರ: ರೇಷ್ಮೆಯೂ ಸಾದಾ ನೈಲಾನೂ ಎಪಾಕ್ಸಿ ಕುಡಿದರೆ ಬಣ್ಣ ಗಾಢವಾಗಿ, ಅರೆಪಾರದರ್ಶಕವಾಗಿ ಅಡಿಯ ಕೋಲು ಕಾಣುತ್ತದೆ. ಬಣ್ಣ ಹಾಗೇ ಉಳಿಯಬೇಕೆಂದರೆ ಮೊದಲು ಕಲರ್ ಪ್ರಿಸರ್ವರ್ ಎಂಬ ದ್ರವ ಸವರಿ ಒಂದು ದಿನ ಪೂರ್ತಿ ಒಣಗಿಸಬೇಕು. ಅರೆ ಒಣಗಿದ್ದರ ಮೇಲೆ ಎಪಾಕ್ಸಿ ಹೋದರೆ ಮೋಡ ಕವಿದಂತೆ ಕಲೆ. ಸುತ್ತು ಮುಗಿದ ಮೇಲೆ ಚಮಚದ ಬೆನ್ನಿನಿಂದ ಉಜ್ಜಿ ಸಂದು ಮುಚ್ಚಿ, ಎದ್ದ ರೋಮವನ್ನು ಹೊಸ ಬ್ಲೇಡಿನಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಈಗ ಹಚ್ಚುವುದು. ಕೋಲು ನೆಲಕ್ಕೆ ಸಮನಾಗಿ ಮಲಗಿರಬೇಕು, ತಿರುಗುತ್ತಿರಬೇಕು. ಮೊದಲು ರಿಂಗಿನ ಪಾದದ ಎರಡೂ ಬದಿಯ ಸುರಂಗ. ಪಾದಕ್ಕೂ ದಾರಕ್ಕೂ ನಡುವೆ ಉಳಿಯುವ ಆ ಪೊಳ್ಳಿಗೆ ಒಂದು ಹನಿ ತಾಗಿಸಿದರೆ ಅದು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ, ಇನ್ನೊಂದು ತುದಿಯಿಂದ ಗಾಳಿ ಗುಳುಗುಳು ಎಂದು ಬರುತ್ತದೆ. ಬರಲು ಬಿಡಿ, ಎರಡೂ ತುದಿ ಒಟ್ಟಿಗೆ ಮುಚ್ಚಬೇಡಿ. ಮುಚ್ಚಿದರೆ ಸಿಕ್ಕಿಕೊಂಡ ಗಾಳಿ ಒಂದು ಗಂಟೆ ಕಳೆದ ಮೇಲೆ ಲೇಪವನ್ನು ಉಬ್ಬಿಸಿಕೊಂಡು ಹೊರಬರುತ್ತದೆ. ಆಮೇಲೆ ಸುತ್ತಿನ ಮೇಲೆ ಬ್ರಷ್ ಆಡಿಸಿ. ಒದ್ದೆಯಾದ ಬಟ್ಟೆಯಂತೆ ದಾರದ ಬಣ್ಣ ಗಾಢವಾಗುತ್ತ ಹೋಗುತ್ತದೆ. ಎಲ್ಲಿ ತಿಳಿ ಬಣ್ಣ ಉಳಿದಿದೆಯೋ ಅಲ್ಲಿಗೆ ಇನ್ನೂ ಇಳಿದಿಲ್ಲ. ದಾರ ಮುಗಿದ ಅಂಚಿನಿಂದ 1ರಿಂದ 2 ಮಿಲಿಮೀಟರ್ ಕೋಲಿನ ಮೈಗೂ ಲೇಪ ಏರಬೇಕು, ನೀರು ಹೋಗುವ ಬಾಯಿ ಅದೇ. ಬ್ರಷ್ಷನ್ನು ಆ ಅಂಚಿನಲ್ಲಿ ಅಲುಗಾಡಿಸದೆ ಹಿಡಿದು ಕೋಲನ್ನು ತಿರುಗಲು ಬಿಟ್ಟರೆ ಗೆರೆ ಬಳೆ ತೊಡಿಸಿದಷ್ಟು ನೇರ ಬರುತ್ತದೆ.

ಐದು ಹತ್ತು ನಿಮಿಷ ಕಳೆದ ಮೇಲೆ ತಿರುಗುವುದನ್ನು ನಿಲ್ಲಿಸಿ. ಹೆಚ್ಚಾದದ್ದು ಕೆಳಭಾಗದಲ್ಲಿ ಹೊಟ್ಟೆಯಂತೆ ಇಳಿಯುತ್ತದೆ. ಅದನ್ನು ಬ್ರಷ್ಷಿನಿಂದ ಎತ್ತಿಕೊಳ್ಳಿ. ಅರ್ಧ ಸುತ್ತು ತಿರುಗಿಸಿ, ಮತ್ತೆ ಕಾಯಿರಿ, ಮತ್ತೆ ಎತ್ತಿ. ನುಣುಪಿನ ಗುಟ್ಟು ಹಚ್ಚುವುದಕ್ಕಿಂತ ಈ ತೆಗೆಯುವುದರಲ್ಲಿ ಹೆಚ್ಚಿದೆ. ಒಂದೇ ಸಲಕ್ಕೆ ದಪ್ಪ ಹಚ್ಚಿ ಮುಗಿಸುವ ಆಸೆಗೆ ಬಿದ್ದರೆ ನಡುವೆ ಉಬ್ಬಿ ಎರಡು ತುದಿ ಸಣ್ಣಗಾಗಿ ಸುತ್ತು ಕದಿರಿನ ಆಕಾರಕ್ಕೆ ತಿರುಗುತ್ತದೆ. ಆ ಹೆಚ್ಚಿನ ಭಾರ ತುದಿಯ ರಿಂಗುಗಳಲ್ಲಿ ಕೋಲಿನ ಚುರುಕನ್ನೇ ಕೊಲ್ಲುತ್ತದೆ. ಬ್ರಷ್ ಎತ್ತಿದಾಗ ಎಪಾಕ್ಸಿ ಒಂದೆಳೆ ಪಾಕದ ಹಾಗೆ ನೂಲು ಎಳೆಯತೊಡಗಿದರೆ ಅಲ್ಲಿಗೆ ಕೈ ಬಿಡಬೇಕು. ಆ ಮೇಲೆ ತೀಡಿದ ಗೆರೆ ಹಾಗೇ ಉಳಿಯುತ್ತದೆ. ತೆಳ್ಳಗಾಗಲೆಂದು ಥಿನ್ನರ್, ಅಸಿಟೋನ್ ಬೆರೆಸುವವರಿಗೆ ಒಂದು ಮಾತು: ಒಳಗೆ ಸಿಕ್ಕಿಬಿದ್ದ ದ್ರಾವಕ ಲೇಪವನ್ನು ಮೆತ್ತಗೆ ಇಡುತ್ತದೆ. ತೆಳ್ಳಗಾಗಿಸಲು ಬಿಸಿನೀರಿನ ಉಪಾಯ ಇದ್ದೇ ಇದೆ.

ಉಳಿದ ಗುಳ್ಳೆಗಳಿಗೆ ಸ್ಪಿರಿಟ್ ದೀಪದ ಜ್ವಾಲೆ. ತಿರುಗುವ ಕೋಲಿನ ಕೆಳಗೆ 2–3 ಸೆಂಟಿಮೀಟರ್ ದೂರದಲ್ಲಿ ಜ್ವಾಲೆಯನ್ನು ಒಂದೇ ಸಲ ಹಾಯಿಸಿಬಿಡಬೇಕು, ನಿಲ್ಲಿಸಬಾರದು. ಮೇಲ್ಮೈ ಬಿಸಿಯಾಗಿ ತೆಳುವಾದ ಕ್ಷಣ ಗುಳ್ಳೆ ಒಡೆಯುತ್ತದೆ. ನಿಲ್ಲಿಸಿದರೆ ಲೇಪ ಸುಡುತ್ತದೆ, ಕಾರ್ಬನ್ ಕೋಲಿಗೂ ಪೆಟ್ಟು. ಮೇಣದಬತ್ತಿ ಬೇಡ, ಮಸಿ ಕೂರುತ್ತದೆ. ಹೇರ್ ಡ್ರೈಯರ್ ಧೂಳು ತಂದು ಕೂರಿಸುತ್ತದೆ, ಜೋರಾದ ಗಾಳಿ ಲೇಪವನ್ನು ಅಲೆ ಅಲೆಯಾಗಿ ತಳ್ಳುತ್ತದೆ. ಒರೆಸಲು ಬಳಸಿದ ಆಲ್ಕೊಹಾಲ್ ಬಾಟಲಿಯನ್ನು ದೀಪ ಹಚ್ಚುವ ಮೊದಲೇ ಬೇರೆ ಕೋಣೆಗೆ ಸಾಗಿಸಿ.

ಚೆನ್ನಾಗಿ ಕೂತಿದೆಯೇ ಎಂದು ತಿಳಿಯಲು ಟ್ಯೂಬ್‌ಲೈಟ್ ಕೆಳಗೆ ನೋಡಿ. ದೀಪದ ಬಿಳಿ ಗೆರೆ ಸುತ್ತಿನ ಉದ್ದಕ್ಕೂ ನೇರವಾಗಿ ಬಿದ್ದರೆ ಮೈ ಸಮ. ಗೆರೆ ಹಾವಿನಂತೆ ಡೊಂಕಾದರೆ ಅಲ್ಲಿ ಉಬ್ಬು ತಗ್ಗು. ಮೊದಲ ಲೇಪದಲ್ಲಿ ದಾರದ ಏಣು ಕಾಣುವುದು ಸಹಜ, ಅದನ್ನು ಮುಚ್ಚಲು ಹೋಗಬೇಡಿ. ಅದು ಎರಡನೆಯ ಲೇಪದ ಕೆಲಸ.

ತಿರುಗಿಸಲು ದುಬಾರಿ ಯಂತ್ರ ಬೇಕಿಲ್ಲ. ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರ್ ನಿಮಿಷಕ್ಕೆ 5–6 ಸುತ್ತು ಹಾಕುತ್ತದೆ, ಈ ಕೆಲಸಕ್ಕೆ ಹೇಳಿ ಮಾಡಿಸಿದ ವೇಗ. ಆದರೆ ಅದು ಸಾಮಾನ್ಯವಾಗಿ ಮನೆಯ ಪ್ಲಗ್ಗಿನ ಕರೆಂಟಿನಿಂದ ನೇರವಾಗಿ ಓಡುವ ಮೋಟಾರ್, ತಂತಿಯ ತುದಿಗಳನ್ನು ಡಬ್ಬಿಯೊಳಗೆ ಮುಚ್ಚದೆ ಬಳಸಬಾರದು. ನಮ್ಮ ಸಲಹೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವಂಥ 12 ವೋಲ್ಟಿನ, ನಿಮಿಷಕ್ಕೆ 10 ಸುತ್ತಿನ ಗೇರ್ ಮೋಟಾರ್. ಬೈಕಿನ ಬ್ಯಾಟರಿಗೆ ಕೂಡಿಸಬಹುದು, ನಡುವೆ ಕರೆಂಟ್ ಹೋದರೂ ನಿಲ್ಲುವುದಿಲ್ಲ. ಲೇಪ ಹಸಿ ಇರುವಾಗ ಕೋಲು ಅರ್ಧ ಗಂಟೆ ನಿಂತರೆ ಕೆಳಗೆ ಹನಿ ಜೋತು ಬೀಳುತ್ತದೆ. ಮೋಟಾರೇ ಇಲ್ಲದಿದ್ದರೆ ಎರಡು ರಟ್ಟಿನ ಡಬ್ಬಕ್ಕೆ ಕಚ್ಚು ಕೊಯ್ದು ಕೋಲು ಮಲಗಿಸಿ, ಮೊದಲ ಒಂದು ಗಂಟೆ 5 ನಿಮಿಷಕ್ಕೊಮ್ಮೆ ಅರ್ಧ ಸುತ್ತು, ಆಮೇಲೆ 10–15 ನಿಮಿಷಕ್ಕೊಮ್ಮೆ, ಹೀಗೆ ಮೂರು ನಾಲ್ಕು ಗಂಟೆ. ಕೈಯಲ್ಲಿ ತಿರುಗಿಸಿದ ಕೆಲಸ ಮೋಟಾರಿನದಕ್ಕೆ ಏನೂ ಕಡಿಮೆಯಲ್ಲ, ತಾಳ್ಮೆ ಬೇಕು ಅಷ್ಟೆ. ಫ್ಯಾನ್ ಆರಿಸಿ, ಕಸ ಗುಡಿಸುವುದನ್ನು ಹಿಂದಿನ ದಿನವೇ ಮುಗಿಸಿರಿ.

ಎರಡನೆಯ ಲೇಪ 12ರಿಂದ 24 ಗಂಟೆಯೊಳಗೆ. ಆ ಹೊತ್ತಿಗೆ ಮೊದಲನೆಯದು ಮುಟ್ಟುವಷ್ಟು ಗಟ್ಟಿಯಾಗಿರುತ್ತದೆ, ಹೊಸದನ್ನು ಒಪ್ಪಿಕೊಳ್ಳುವಷ್ಟು ಹಸಿಯೂ ಇರುತ್ತದೆ. ಎದ್ದ ರೋಮ, ಕೂತ ಧೂಳನ್ನು ಬ್ಲೇಡ್ ಅಡ್ಡ ಮಲಗಿಸಿ ಹೆರೆದು, ಒರೆಸಿ ಹಚ್ಚಿ. ಎರಡು ಮೂರು ದಿನ ತಡವಾದರೆ 600 ನಂಬರಿನ ವಾಟರ್ ಪೇಪರಿನಲ್ಲಿ ಹೊಳಪು ಹೋಗುವಷ್ಟು ಮಾತ್ರ ತಿಕ್ಕಬೇಕು. ದಾರಕ್ಕೆ ತಾಗಿದರೆ ಎಳೆ ಕಿತ್ತು ಬಿಳಿ ಚುಕ್ಕೆ ಬೀಳುತ್ತದೆ, ಅದು ಮುಚ್ಚುವುದಿಲ್ಲ. ಮರುದಿನ ಕೋಲನ್ನು ಕೈಯಲ್ಲಿ ಹಿಡಿಯಬಹುದು, ಆದರೆ ಬಗ್ಗಿಸಿ ಮೀನು ಎಳೆಯಲು ಒಂದು ವಾರ ಬಿಡಿ.

ಎರಡು ದಿನವಾದರೂ ಬೆರಳು ಅಂಟುವ ಲೇಪದ ಮೇಲೆ ಸರಿಯಾದ ಅಳತೆಯ ಇನ್ನೊಂದು ತೆಳು ಲೇಪ ಕೊಟ್ಟರೆ ಸ್ವಲ್ಪ ಅಂಟು ಇದ್ದಲ್ಲಿ ನಿಲ್ಲುತ್ತದೆ. ಉಗುರು ಇಳಿಯುವಷ್ಟು ಮೆತ್ತಗಿದ್ದರೆ ಕೀಳುವುದೇ ದಾರಿ. ಹೇರ್ ಡ್ರೈಯರ್ ಕೆಲಸಕ್ಕೆ ಬರುವುದು ಇಲ್ಲಿ. ಕೈ ತಾಳುವುದಕ್ಕಿಂತ ತುಸು ಹೆಚ್ಚು ಬಿಸಿ ಮಾಡಿದರೆ ಎಪಾಕ್ಸಿ ರಬ್ಬರಿನಂತೆ ಮೆದುವಾಗುತ್ತದೆ. ಬ್ಲೇಡನ್ನು ರಿಂಗಿನ ಪಾದದ ಲೋಹದ ಮೇಲೆ ಮಾತ್ರ ಎಳೆಯಿರಿ, ಕೋಲಿನ ಮೈಮೇಲೆ ಬೇಡ. ಕಾರ್ಬನ್ನಿಗೆ ಬಿದ್ದ ಕೂದಲೆಳೆಯಷ್ಟು ಗೀರೂ ಭಾರ ಬಿದ್ದ ದಿನ ಮುರಿಯುವ ಜಾಗವಾಗುತ್ತದೆ. ಲೋಹದ ಮೇಲೆ ಸೀಳಿದ ಸುತ್ತು ಈರುಳ್ಳಿ ಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತದೆ, ಉಳಿದ ಅಂಟನ್ನು ಉಗುರಿನಿಂದ ತಳ್ಳಿದರೆ ಸಾಕು.

ಈ ಕೆಲಸದ ಉದ್ದಕ್ಕೂ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಹಸಿ ಎಪಾಕ್ಸಿ ಚರ್ಮಕ್ಕೆ ತಾಗುತ್ತ ತಾಗುತ್ತ ಒಂದು ದಿನ ತುರಿಕೆಯ ಅಲರ್ಜಿಯಾಗಿ ನಿಲ್ಲುತ್ತದೆ, ಮತ್ತೆ ಬಿಡುವುದಿಲ್ಲ. ಕೈಗೆ ತಾಗಿದ್ದನ್ನು ಥಿನ್ನರಿನಿಂದ ತೊಳೆದರೆ ಇನ್ನೂ ಒಳಕ್ಕೆ ಇಳಿಯುತ್ತದೆ. ಒರೆಸಿ, ಸೋಪು ನೀರಿನಲ್ಲಿ ತೊಳೆಯಿರಿ. ಉಳಿದ ಎಪಾಕ್ಸಿಯನ್ನು ಚರಂಡಿಗಾಗಲಿ ಕೆರೆಗಾಗಲಿ ಸುರಿಯದೆ ಫಾಯಿಲ್ ಮೇಲೆಯೇ ಬಿಡಿ. ಮರುದಿನ ಆ ಫಾಯಿಲ್ ತುಂಡನ್ನು ಉಗುರಿನಿಂದ ಒತ್ತಿ ನೋಡಿದರೆ ಕೋಲಿನ ಮೇಲಿನ ಲೇಪ ಹೇಗಿದೆ ಎಂಬುದು ಕೋಲು ಮುಟ್ಟದೆಯೇ ತಿಳಿಯುತ್ತದೆ. ಗಟ್ಟಿಯಾದ ಮೇಲೆ ಒಣಕಸದ ಜೊತೆ ಹಾಕಬಹುದು.

ಇಂತಿ,
ಗಾಳದ ಕೋಲು ಕಟ್ಟುವ ಕೆಲವರು
ಕೋಲಾರ